ವನಮಾಲೆ ಅಜ್ಜಿಯ ನಾಲ್ಕು ಅಕ್ಷರ

ಅಜ್ಜನ ಅಜ್ಜನಿಗೂ ನೆನಪಿಲ್ಲದಷ್ಟು ಹಿಂದೆ ಅಕ್ಷರಾವತಿ ಎಂಬ ರಾಜ್ಯವಿತ್ತು. ಆ ನೆಲದ ಗುಣವೇ ಬೇರೆ. ಅಲ್ಲಿ ದೊಡ್ಡ ಮಾತಿನ ಅಕ್ಷರಗಳಲ್ಲಿ ಅಡಗಿರುವ ಸಣ್ಣ ಮಾತನ್ನು ಹುಡುಕಿ ಬಾಯಿಬಿಟ್ಟು ಹೇಳಿದರೆ ಸಾಕು, ಅದು ಎದುರಿಗೇ ಬಂದು ನಿಲ್ಲುತ್ತಿತ್ತು. ಬಿಸಿಲಲ್ಲಿ ಬಳಲಿದವರು ಅರಮನೆಯ ಮುಂದೆ ನಿಂತು 'ಮರ' ಎಂದರೆ ನೆರಳು ಸಿಗುತ್ತಿತ್ತು. ಅಷ್ಟು ಹೊತ್ತು ಅರಮನೆ ಕೊಂಚ ಕುಗ್ಗಿ ನಿಲ್ಲುತ್ತಿತ್ತು. ತೆಗೆದದ್ದನ್ನು ಹಿಂತಿರುಗಿಸುವುದಕ್ಕೂ ಒಂದು ಪದ್ಧತಿಯಿತ್ತು. ಯಾರಿಗೆ ಉಪಕಾರವಾಯಿತೋ ಅವರೇ ಎದೆಯ ಮೇಲೆ ಕೈಯಿಟ್ಟು 'ನಿನ್ನಿಂದ ಬದುಕಿದೆ' ಅನ್ನಬೇಕು. ಅಂದ ಕೂಡಲೇ ಅಕ್ಷರಗಳು ತಮ್ಮ ಜಾಗಕ್ಕೆ ಮರಳುತ್ತಿದ್ದವು. ಬೇರೆಯವರು ನೂರು ಸಲ ಅಂದರೂ ಅಲ್ಲಾಡುತ್ತಿರಲಿಲ್ಲ.

ಇಂಥ ರಾಜ್ಯಕ್ಕೆ ಗರಗಸ ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನಿಗೆ ತೆಗೆಯುವುದು ಗೊತ್ತಿತ್ತು, ಆ ಎರಡು ಮಾತು ಹೇಳುವುದು ಮಾತ್ರ ಗೊತ್ತಿರಲಿಲ್ಲ. ಅವಲಕ್ಕಿಯೊಳಗಿನ ಅಕ್ಕಿ ತೆಗೆದು ನುಂಗಿದ. ಜನ ಬೆಳಿಗ್ಗೆ ಎದ್ದು ಬೋಗುಣಿ ನೋಡಿದರೆ ಬರೀ 'ವಲ' ಉಳಿದಿತ್ತು. ವಲ ಅಂದರೇನೆಂದು ನನ್ನನ್ನು ಕೇಳಬೇಡಿ, ತಿಂದವರಿಗೂ ತಿಳಿಯಲಿಲ್ಲ. ಅರಮನೆಯೊಳಗಿನ ಮನೆ ತೆಗೆದ. ರಾಜ ಹುಣಸೆಮರದ ಕೆಳಗೆ ಛತ್ರಿ ಹಿಡಿದು ದರ್ಬಾರು ನಡೆಸಬೇಕಾಯಿತು. ತವರುಮನೆಯೊಳಗಿನ ತವರು ತೆಗೆದ. ಗೌರಿಹಬ್ಬಕ್ಕೆ ಬಂದ ಹೆಣ್ಣುಮಕ್ಕಳನ್ನು ಹೆತ್ತವರೇ ಗುರುತಿಸಲಿಲ್ಲ, ಅವರು ಬಂದ ದಾರಿಯಲ್ಲೇ ಅಳುತ್ತ ಹಿಂತಿರುಗಿದರು. ದಂಡನಾಯಕ ರಣಧೀರ ಕತ್ತಿ ಹಿರಿದು ಹೊರಟ. ಗರಗಸ ಅವನ ಹೆಸರಿನಿಂದ ಧೀರನನ್ನೇ ಕಿತ್ತುಕೊಂಡ. ಪಾಪ, ನಾಯಕರು ಕೋಳಿ ಕೂಗಿದರೂ ಬೆಚ್ಚಿಬೀಳುವಂತಾಗಿ ಹಗಲೆಲ್ಲ ಕಂಬಳಿ ಹೊದ್ದು ಮಲಗಿದರು.

ಅದೇ ರಾಜ್ಯದಲ್ಲಿ ವನಮಾಲೆ ಎಂಬ ಸೂಲಗಿತ್ತಿ ಅಜ್ಜಿ ಇದ್ದಳು. ಹೆತ್ತವರನ್ನು ಕಳೆದುಕೊಂಡ ಮಗುವೊಂದನ್ನು ಎತ್ತಿ ತಂದು ಸಾಕಿದ್ದಳು. ಅವಳೇ ಕೆಂಚಿ. ಈಗ ಹದಿನೆಂಟು ತುಂಬಿದ ಹುಡುಗಿ.

"ಅಜ್ಜಿ, ಗರಗಸನ ಗವಿಗೆ ನಾನೇ ಹೋಗ್ತೀನಿ," ಎಂದಳು ಕೆಂಚಿ. "ನನ್ನ ಹೆಸರಲ್ಲಿ ಕೀಳೋಕೆ ಏನೂ ಇಲ್ವಲ್ಲ."

"ಕೀಳೋಕೆ ಇಲ್ಲದ ಹೆಸರಲ್ಲಿ ಕಾಯೋಕೂ ಏನಿಲ್ಲ ಮಗಳೇ," ಎಂದಳು ಅಜ್ಜಿ. "ನನ್ನ ಹೆಸರು ತಗೊಂಡು ಹೋಗು. ನಾಲ್ಕು ಅಕ್ಷರ ಇದೆ. ಬೇಕಾದ್ದು ಹುಡುಕ್ಕೋ."

"ಅಕ್ಷರ ವಾಪಸ್ ಬರದಿದ್ರೆ?"

"ನಾನ್ಯಾರು ಅನ್ನೋದು ನನಗೆ ಮರೆತುಹೋಗುತ್ತೆ. ನೀನೂ ಮರೆತುಹೋಗ್ತೀಯ." ಅಜ್ಜಿ ಅವಳ ಜಡೆ ಬಿಗಿದು ಕಟ್ಟಿದಳು. "ಊರಿನ ಮಕ್ಕಳೆಲ್ಲ ನನ್ನ ಕೈಮೇಲೆ ಹುಟ್ಟಿದಾರೆ. ಅವರು ಹಸಿದಿರುವಾಗ ಹೆಸರು ಬಚ್ಚಿಟ್ಟುಕೊಂಡು ಏನ್ ಮಾಡ್ಲಿ? ಹೋಗಿ ಬಾ."

ಕೆಂಚಿ ಅಜ್ಜಿಯ ಕಾಲು ಮುಟ್ಟಿ ಹೊರಟಳು.

ಒಂದು ಹಗಲು ನಡೆದಾಗ ಕಾದ ಮರಳಿನ ಬಯಲು ಎದುರಾಯಿತು. ಹೆಜ್ಜೆಯಿಟ್ಟರೆ ಅಂಗಾಲು ಸುಟ್ಟು ಬೊಬ್ಬೆ ಏಳುತ್ತಿತ್ತು. ಕೆಂಚಿ ಅಜ್ಜಿಯ ಹೆಸರನ್ನು ಬಾಯಲ್ಲಿ ಹೊರಳಿಸಿ ಮೊದಲ ಎರಡು ಅಕ್ಷರ ಆರಿಸಿ, "ವನ!" ಎಂದಳು. ಮರಳು ಸೀಳಿ ಹೊಂಗೆ, ಬೇವು, ಅತ್ತಿ ಎದ್ದವು. ನೆರಳಲ್ಲೇ ಬಯಲು ದಾಟಿ ಆಚೆ ನಿಂತು ಎದೆಯ ಮೇಲೆ ಕೈಯಿಟ್ಟಳು. "ಅಜ್ಜೀ, ನಿನ್ನಿಂದ ಬದುಕಿದೆ." ವನ ಮಾಯವಾಯಿತು, ಅಕ್ಷರಗಳು ಮನೆ ಸೇರಿದವು.

ಎರಡನೆಯ ಹಗಲು ಒಂದು ಕಣಿವೆ. ಅಲ್ಲಿ ಕಬ್ಬಿಣದ ಕೊಂಬಿನ ಆನೆಯೊಂದು ಬಂಡೆಗಳನ್ನು ಪುಡಿಮಾಡುತ್ತ ನುಗ್ಗಿ ಬಂತು. ಅದರ ಕೊರಳಲ್ಲಿ ಸರಪಳಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಓಡಬೇಕೆಂದಿದ್ದ ಕೆಂಚಿ ಆ ಹುಣ್ಣು ಕಂಡು ನಿಂತಳು. ಕೊನೆಯ ಎರಡು ಅಕ್ಷರ ಆರಿಸಿ "ಮಾಲೆ!" ಎಂದಳು. ತಣ್ಣನೆಯ ಮಲ್ಲಿಗೆಯ ಮಾಲೆ ಕೈಗೆ ಬಂತು. ಬಂಡೆಯೇರಿ ಅದನ್ನು ಆನೆಯ ಕೊರಳಿಗೆ ಹಾಕಿದಳು. ಹೂ ತಾಗಿದಲ್ಲಿ ಹುಣ್ಣು ಮಾಯಿತು, ಸರಪಳಿ ಕಳಚಿತು. ಹುಟ್ಟಿದಾಗಿನಿಂದ ಏಟಲ್ಲದೆ ಬೇರೇನೂ ಕಂಡಿರದ ಆನೆ ಮಂಡಿಯೂರಿ, ಸೊಂಡಿಲನ್ನು ಎದೆಗೊತ್ತಿಕೊಂಡು, "ನಿನ್ನಿಂದ ಬದುಕಿದೆ," ಎಂದಿತು. ಆ ಎರಡು ಅಕ್ಷರಗಳೂ ಮನೆಯ ದಾರಿ ಹಿಡಿದವು. ಆನೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೆಟ್ಟದ ಬುಡಕ್ಕೆ ತಂದುಬಿಟ್ಟಿತು.

ಮೂರನೆಯ ಹಗಲು ಬೆಟ್ಟದ ಗವಿ. ಒಳಗೆ ಗರಗಸ ನಿಂತಿದ್ದ. ನುಂಗಿದ ಒಂದೊಂದು ಮಾತಿಗೂ ಅವನ ಮೈಮೇಲೆ ಒಂದೊಂದು ಮುಳ್ಳು ಮೂಡಿ, ಹೋರಿಯಷ್ಟು ದೊಡ್ಡ ಮುಳ್ಳುಹಂದಿಯಂತಾಗಿದ್ದ.

"ಕೆಂಚಿಯಂತೆ! ಹಲ್ಲಿನ ಸಂದಿಗೂ ಸಾಲದ ಹೆಸರು," ಎಂದು ಅವಳ ಹೆಸರು ಮೂಸಿ ನಕ್ಕ. ಆಮೇಲೆ ಮತ್ತೊಮ್ಮೆ ಮೂಗೆಳೆದು ಮೂಸಿದ. "ಆದರೆ ದೊಡ್ಡ ಹೆಸರೊಂದನ್ನು ಹೊತ್ತು ತಂದಿದ್ದೀಯ. ವನಮಾಲೆ! ಅದರಲ್ಲಿ ಮಾನ ಇದೆ. ಅದನ್ನು ನನಗೆ ಕೊಟ್ಟುಬಿಡು. ಇಲ್ಲದಿದ್ದರೆ ನಿನ್ನನ್ನೇ ನುಂಗುತ್ತೇನೆ."

ಅವನು ಹತ್ತಿರ ಬಂದಾಗ ಕೆಂಚಿಗೆ ಆ ಮುಳ್ಳುಗಳ ನಡುವೆ ಎರಡು ಕಣ್ಣು ಕಂಡವು. ಕೆಂಪಗೆ ಊದಿಕೊಂಡ ಕಣ್ಣು.

"ಮಲಗಿ ಎಷ್ಟು ದಿನ ಆಯ್ತಣ್ಣ?" ಎಂದು ಕೇಳಿದಳು.

ಗರಗಸ ತಬ್ಬಿಬ್ಬಾದ. "ಏಳು ವರ್ಷ," ಎಂದ ಮೆಲ್ಲಗೆ. "ಯಾವ ಮಗ್ಗುಲಿಗೆ ಹೊರಳಿದರೂ ಚುಚ್ಚುತ್ತದೆ."

ಕೆಂಚಿಗೆ ಬೇಕಾದ ಮಾತು ಸಿಕ್ಕಿಬಿಟ್ಟಿತ್ತು. ಅವನು ಮೂಸಿದ್ದ ಮಾನದ ಪಕ್ಕಕ್ಕೆ ಇನ್ನೊಂದು ಅಕ್ಷರ ಇಟ್ಟರೆ ಸಾಕು. ಆದರೆ ನಾಲಿಗೆ ಏಳಲಿಲ್ಲ. ಇದರಿಂದ ಉಪಕಾರವಾಗುವುದು ಇವನಿಗೆ. ಹಿಂತಿರುಗಿಸಬೇಕಾದವನೂ ಇವನೇ. ಜನ್ಮದಲ್ಲಿ ಒಮ್ಮೆಯೂ ಆ ಮಾತು ಆಡದವನು ಇವತ್ತು ಆಡುತ್ತಾನೆಯೇ? ಆಡದಿದ್ದರೆ ಅಜ್ಜಿಗೆ ಉಳಿಯುವುದು ಒಂದೇ ಅಕ್ಷರ. ಕೆಂಚಿಗೆ ಅಳು ಒತ್ತರಿಸಿ ಬಂತು. ಹಸಿದ ಮಕ್ಕಳನ್ನು ನೆನೆದು, ಹೋಗಿ ಬಾ ಎಂದವಳನ್ನು ನೆನೆದು ಕೂಗಿದಳು. "ಮಾನವ!"

ಮುಳ್ಳುಗಳೆಲ್ಲ ಉದುರಿದವು. ಕದ್ದು ನುಂಗಿದ ಮಾತುಗಳನ್ನು ಹಿಡಿದಿಡುವ ಮುಳ್ಳೇ ಇಲ್ಲದಾಗಿ, ಅವೆಲ್ಲ ಗವಿಯಿಂದ ಹಾರಿ ಊರ ಕಡೆ ಹೋದವು. ಎದುರಿಗೆ ಸಣಕಲು ಮೈಯ ಸಾಧಾರಣ ಮನುಷ್ಯನೊಬ್ಬ ನಿಂತಿದ್ದ. ತನ್ನ ಅಂಗೈ ತಾನೇ ಮುಟ್ಟಿ ನೋಡಿಕೊಂಡ. ನಾಚಿಕೆಯಿಂದ ಮುಖ ಮುಚ್ಚಿಕೊಂಡು ಓಡಿದ.

"ಅಣ್ಣಾ, ಒಂದು ಮಾತು ಹೇಳಿ ಹೋಗು!" ಎಂದು ಕೆಂಚಿ ಬೆಟ್ಟವಿಡೀ ಕೂಗುತ್ತ ಹುಡುಕಿದಳು. ಅವನು ಸಿಗಲಿಲ್ಲ.

ಊರಿಗೆ ಬಂದರೆ ಅವಲಕ್ಕಿಯಲ್ಲಿ ಅಕ್ಕಿಯಿತ್ತು, ಅರಮನೆಯಲ್ಲಿ ಮನೆಯಿತ್ತು, ಹೆಣ್ಣುಮಕ್ಕಳು ತವರಿನಲ್ಲಿ ಕೂತು ಬಳೆ ತೊಡುತ್ತಿದ್ದರು. ರಣಧೀರ ಕಂಬಳಿ ಮಡಿಸಿಟ್ಟು ಏನೂ ಆಗದವನಂತೆ ಮೀಸೆ ತಿರುವುತ್ತಿದ್ದ. ವನಮಾಲೆ ಅಜ್ಜಿ ಮಾತ್ರ ಹೊಸ್ತಿಲಲ್ಲಿ ಕೂತಿದ್ದಳು.

"ಯಾರವ್ವ ನೀನು? ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ," ಎಂದಳು.

ಕೆಂಚಿ ನೀರು ಕುಡಿದಳು. ಚೊಂಬು ತೊಳೆದು ಅದರ ಜಾಗದಲ್ಲೇ ಇಟ್ಟಳು.

ರಾಜನೇ ಬಂದು ಅಜ್ಜಿಯ ಕಾಲಿಗೆ ಬಿದ್ದು "ನಿನ್ನಿಂದ ಬದುಕಿದೆ ತಾಯಿ" ಎಂದ. ಊರಿಗೆ ಊರೇ ಸಾಲುಗಟ್ಟಿ ನಿಂತು ಹೇಳಿತು. ಹೇಳಬೇಕಾದವನು ಆ ಸಾಲಿನಲ್ಲಿ ಇರಲಿಲ್ಲ. ಅಜ್ಜಿ ಎಲ್ಲರಿಗೂ ನಕ್ಕು, "ಯಾರಿಗೋ ಹೇಳ್ತಿದಾರೆ ಪಾಪ," ಎಂದಳು.

ಕೆಂಚಿ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದಳು, ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟಳು. ಇವಳು ನನಗೆ ಮಾಡಿದ್ದರಲ್ಲಿ ಕಾಲುಭಾಗವೂ ಇದಲ್ಲ ಅನ್ನಿಸುತ್ತಿತ್ತು. ಅಜ್ಜಿಗೆ ತಾನು ಗೊತ್ತಿಲ್ಲದಿದ್ದರೂ ತನಗೆ ಅಜ್ಜಿ ಗೊತ್ತಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸಣಕಲು ಮನುಷ್ಯನೊಬ್ಬ ಬಾಗಿಲ ಮುಂದೆ ನಿಂತ. ಮೈಮೇಲೆಲ್ಲ ಮುಳ್ಳು ಉದುರಿದ ಗುರುತು. ಕೆಂಚಿಗೆ ಗುರುತು ಸಿಕ್ಕಿತು. ಬಲವಂತವಾಗಿ ಹೇಳಿಸಿದ ಮಾತಿಗೆ ಬೆಲೆಯಿಲ್ಲವೆಂದು ಬಾಗಿಲಿಗೆ ಒರಗಿ ಕಾದಳು.

"ಹಸಿದಿರೋ ಹಾಗಿದೆ," ಎಂದು ಅಜ್ಜಿ ಒಂದು ಬಟ್ಟಲು ಗಂಜಿ ತಂದು ಅವನ ಮುಂದಿಟ್ಟಳು. "ಕೂತ್ಕೊಳಪ್ಪ. ಬಿಸಿ ಇದೆ, ನಿಧಾನ."

ಅವನು ಕೂತ. ಒಂದು ಗುಟುಕು ಕುಡಿದ. ಅವನ ಕೈ ಎದೆಯ ಮೇಲೆ ಹೋಯಿತು.

"ಒಂದು ತಿಂಗಳಿಂದ ಮಲಗಿ ನಿದ್ದೆ ಮಾಡ್ತಿದೀನಿ ತಾಯಿ," ಎಂದು ಬಿಕ್ಕಿದ. "ಹೇಳೋಕೆ ನಾಚಿಕೆಯಾಗಿ ಊರ ಸುತ್ತ ಸುತ್ತಿದೆ. ನಿನ್ನಿಂದ ಬದುಕಿದೆ. ನಿನ್ನಿಂದಲೇ ಬದುಕಿದೆ."

ಅಜ್ಜಿ ಸುತ್ತ ನೋಡಿದಳು. ಕಂಬ ನೋಡಿದಳು, ಒಲೆ ನೋಡಿದಳು, ಬಾಗಿಲಿಗೆ ಒರಗಿ ಅಳುತ್ತಿದ್ದ ಹುಡುಗಿಯನ್ನು ನೋಡಿದಳು.

"ಕೆಂಚೀ, ಏನೇ ಹಾಗೆ ನಿಂತಿದ್ದೀಯ?" ಎಂದಳು. "ಮನೆಗೆ ಬಂದೋರಿಗೆ ಇನ್ನೊಂದು ಸೌಟು ಗಂಜಿ ಹಾಕಬಾರದಾ?"

ಕೆಂಚಿ ಹಾಕಿದಳು. ಮೂವರೂ ಕೂತು ಉಂಡರು. ಆ ಮನುಷ್ಯ ಅದೇ ಊರಲ್ಲಿ ಗದ್ದೆ ಮಾಡಿಕೊಂಡು ನೆಲೆನಿಂತ, ಅಜ್ಜಿ ಇನ್ನೂ ಎಷ್ಟೋ ಕೂಸುಗಳನ್ನು ಲೋಕಕ್ಕೆ ತಂದಳು, ಅಕ್ಷರಾವತಿಯ ಜನ ಬೇಕಾದ್ದನ್ನು ತೆಗೆದುಕೊಂಡು, ಹೇಳಬೇಕಾದ್ದನ್ನು ಹೇಳಿ, ಹೊಟ್ಟೆ ತುಂಬ ಉಂಡು ನೂರು ವರ್ಷ ಬಾಳಿದರು.