ಸದ್ದು ಕಳೆದುಕೊಂಡ ನಾದಾವತಿ

ಬಹಳ ಬಹಳ ಹಿಂದೆ, ಕಲ್ಲುಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ, ಮಿಂಚುಹೊಳೆಯ ದಂಡೆಯ ಮೇಲೆ ನಾದಾವತಿ ಎಂಬ ಪಟ್ಟಣವಿತ್ತು. ಆ ಪಟ್ಟಣ ಹುಟ್ಟಿದ್ದು ಒಂದು ಬೊಗಸೆ ಅಂಬಲಿಯಿಂದ. ಕುರಿ ಕಾಯುವ ಹೆಂಗಸೊಬ್ಬಳು ಬಂಡೆಯ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದಾಗ ಹಸಿದ ದಾರಿಹೋಕನೊಬ್ಬ ಬಂದ. ಅವಳು ತನ್ನ ಪಾಲಿನಲ್ಲಿ ಅರ್ಧ ಕೊಟ್ಟಳು. ಅವನು ಕುಡಿದು, ಬಂಡೆಯನ್ನು ಬೆರಳಿನಿಂದ ತಟ್ಟಿ ಮಾಯವಾದ. ಬಂಡೆ ವೀಣೆಯ ಹಾಗೆ ನುಡಿಯಿತು. ಅಲ್ಲೇ ಮೊದಲ ಗುಡಿ ಎದ್ದಿತು. ಆಮೇಲೆ ಒಬ್ಬ ರಾಜ ಗೋಪುರ ಕಟ್ಟಿಸಿದ, ಇನ್ನೊಬ್ಬ ಕಲ್ಯಾಣಿ ತೋಡಿಸಿದ, ಮತ್ತೊಬ್ಬನ ರಾಣಿ ಹಾಡುವ ಕಂಬಗಳ ಮಂಟಪ ಮಾಡಿಸಿದಳು. ಕೊನೆಗೆ ಊರಲ್ಲಿ ಮನೆಗಳು ಹೆಚ್ಚೋ ಗುಡಿಗಳು ಹೆಚ್ಚೋ ಹೇಳುವುದೇ ಕಷ್ಟವಾಯಿತು.

ಅಲ್ಲಿನ ದೊಡ್ಡಗುಡಿಗೆ ಒಂದು ಪದ್ಧತಿ. ಸಂಜೆ ದೀಪ ಹಚ್ಚಿದ ಮೇಲೆ, ಕರೆಯುವವನು ಮಹಾದ್ವಾರದಲ್ಲಿ ನಿಂತು, "ಹಸಿದವರು ಯಾರಾದರೂ ಇದ್ದೀರಾ? ಬನ್ನಿ, ಎಲೆ ಹಾಕಿದೆ" ಎಂದು ಮೂರು ಸಲ ಕೂಗಬೇಕು. ಓಗೊಟ್ಟವರೆಲ್ಲ ಉಂಡ ಮೇಲೆಯೇ ದೇವರಿಗೆ ನೈವೇದ್ಯ. ಆ ಊರಲ್ಲಿ ದೇವರದು ಯಾವಾಗಲೂ ಕೊನೆಯ ಪಂಕ್ತಿ.

ಆದರೆ ಸಂಗೀತದ ಊರು ನೋಡಿ, ಸುಮ್ಮನಿದ್ದೀತೇ? ಒಬ್ಬ ರಾಜ ಆ ಕರೆಯನ್ನು ರಾಗದಲ್ಲಿ ಹಾಡಿಸಿದ. ಅವನ ಮಗ ಅದಕ್ಕೆ ಶಂಖ ಸೇರಿಸಿದ. ಮೊಮ್ಮಗ ನಗಾರಿ, ಕಹಳೆ, ಜಾಗಟೆ ಎಲ್ಲ ತಂದಿಟ್ಟ. ಹೇಮಾಂಗದ ರಾಜನ ಕಾಲಕ್ಕೆ ಅದೊಂದು ದೊಡ್ಡ ಕಚೇರಿಯೇ ಆಗಿಹೋಗಿತ್ತು. ಜನ ಹೊಟ್ಟೆ ತುಂಬ ಉಂಡು ಬಂದು, ಹಸಿದವರನ್ನು ಕರೆಯುವುದನ್ನು ಕೇಳಿ ತಲೆದೂಗುತ್ತಿದ್ದರು!

ಒಂದು ಸಂಜೆ ಹೊಳೆಯಾಚೆಯಿಂದ ಧೂಮಕನೆಂಬ ಮುದಿ ಮಾಂತ್ರಿಕ ಕೋಲೂರಿಕೊಂಡು ಬಂದ. ಅವನಿಗೆ ಗಾಳಿಯನ್ನು ಗಂಟು ಕಟ್ಟುವ ಮಂತ್ರ ಗೊತ್ತಿತ್ತು, ಕಲ್ಲನ್ನು ನಡೆಸುವ ಮಂತ್ರ ಗೊತ್ತಿತ್ತು. ಅನ್ನ ಹುಟ್ಟಿಸುವ ಮಂತ್ರ ಮಾತ್ರ ಗೊತ್ತಿರಲಿಲ್ಲ. ಅದು ಯಾವ ಮಾಂತ್ರಿಕನಿಗೂ ಗೊತ್ತಿಲ್ಲ. ಕರೆ ಕೇಳಿ ಅವನು, "ಓ, ನಾನಿದ್ದೇನೆ" ಎಂದ. ನಗಾರಿ ಮೊಳಗಿತು. ಮತ್ತೆ, "ನಾನಿದ್ದೇನೆ" ಎಂದ. ಕಹಳೆ ಕೂಗಿತು. ಮೂರನೆಯ ಸಲವೂ ಎಂದ. ಜನ ಚಪ್ಪಾಳೆ ತಟ್ಟಿದರು, ಬಾಗಿಲು ಮುಚ್ಚಿತು.

"ನನ್ನ ದನಿ ಕೇಳದ ಊರಿಗೆ ದನಿಯೇ ಬೇಡ" ಎಂದು ಧೂಮಕ ಹಲ್ಲು ಕಡಿದ.

ಮರುದಿನ ಗಂಟೆಗಳ ಸದ್ದು ಹೋಯಿತು. ಪೂಜಾರಿಗಳು ಎಳೆದೇ ಎಳೆದರು. ಗಂಟೆಗಳು ನೀರೊಳಗಿನ ಹೂವಿನಂತೆ ಸುಮ್ಮನೆ ತೂಗಿದವು. ಅದರ ಮರುದಿನ ಕಂಬಗಳ ಹಾಡು ಹೋಯಿತು, ಜೊತೆಗೆ ವಾದ್ಯಗಳದೂ. ನರ್ತಕಿಯರು ಕುಣಿದರೆ ಬೆಳದಿಂಗಳು ನೆಲದ ಮೇಲೆ ಓಡಾಡಿದಂತೆ ಕಾಣುತ್ತಿತ್ತೇ ಹೊರತು ಗೆಜ್ಜೆ ಕೇಳಿಸುತ್ತಿರಲಿಲ್ಲ. ಇಡೀ ಊರು ಕನಸಿನೊಳಗೆ ಕಾಲಿಟ್ಟಂತಿತ್ತು. ಮೂರನೆಯ ದಿನ ಕೂಸುಗಳ ಅಳು ಹೋಯಿತು.

ಕರೆಯುವ ಕೆಲಸ ಆಗ ಬಾಚಯ್ಯನದು. ಅವನ ಮಗಳು ಜಕ್ಕಲೆ. ಅವಳ ತಮ್ಮ ಇನ್ನೂ ತೊಟ್ಟಿಲ ಕೂಸು. ಅಳು ಕೇಳಿಸದ ಕೂಸಿನ ಹಸಿವು ಯಾರಿಗೆ ತಿಳಿಯಬೇಕು? ತಾಯಿ ಕಣ್ಣು ಮಿಟುಕಿಸದೆ ತೊಟ್ಟಿಲ ಪಕ್ಕ ಕೂತಳು. ಎಷ್ಟು ದಿನ ಕೂತಾಳು? ಕೂತಲ್ಲೇ ಜೊಂಪು ಹತ್ತುತ್ತಿತ್ತು. ಎಚ್ಚರಾದಾಗ ಕೂಸು ಅತ್ತು ಅತ್ತು ಬಾಡಿರುತ್ತಿತ್ತು. ದಿನದಿನಕ್ಕೂ ಅದು ಸೊರಗಿತು.

ಇದು ಧೂಮಕನ ಕೆಲಸವೆಂದು ತಿಳಿದು ರಾಜ ಸೇನಾಪತಿಯನ್ನು ಹೊಳೆಯಾಚೆಗೆ ಅಟ್ಟಿದ. ಅವನು ಅಬ್ಬರಿಸುತ್ತಾ ಹೋಗಿ ಕಲ್ಲುಕಂಬವಾದ. ಆಸ್ಥಾನದ ಗಾಯಕನನ್ನು ಕಳಿಸಿದ. ಅವನು ಆಲಾಪನೆ ಮಾಡುತ್ತಾ ಹೋಗಿ ಇನ್ನೊಂದು ಕಂಬವಾದ.

"ಅಪ್ಪಾ, ನಾನು ಹೋಗ್ತೀನಿ" ಎಂದಳು ಜಕ್ಕಲೆ.

"ಸೇನಾಪತಿಯೇ ಕಲ್ಲಾದ. ನೀನೇನು ಮಾಡ್ತೀಯೆ, ಮಗಳೇ?"

"ತಮ್ಮ ಅಳೋದು ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳಲ್ಲ. ಇದನ್ನ ನೋಡ್ಕೊಂಡು ಹೇಗಪ್ಪಾ ಕೂತಿರಲಿ?"

ಬಾಚಯ್ಯ ಅವಳನ್ನು ಹತ್ತಿರ ಕರೆದ. ಅವಳ ತಲೆ ನೇವರಿಸಿ ಕಳಿಸಿದ.

ಹೊಳೆಯ ಮೆಟ್ಟಿಲಲ್ಲಿ ಕಲ್ಲಾನೆ ಅಡ್ಡ ನಿಂತಿತ್ತು. ಧೂಮಕನೇ ಅದನ್ನು ನಡೆಸಿ ತಂದು ಕಾವಲಿಟ್ಟಿದ್ದ. ಜಕ್ಕಲೆಗೆ ಓಡಿ ದಾಟುವ ಆತುರ. ಆದರೆ ಆನೆಯ ತುಟಿ ಏನೋ ಗೊಣಗುತ್ತಿತ್ತು. ಅವಳು ನಿಂತಳು.

"ಏನಂದೆ, ಆನೆಯಣ್ಣ?"

"ಕಿವಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ. ನೂರು ವರ್ಷದಿಂದ ತುರಿಸ್ತಿದೆ. ಮರಿಗಳು ಬೀಳಬಾರದಲ್ಲ ಅಂತ ಕಿವಿ ಅಲ್ಲಾಡಿಸದೆ ಇದೀನಿ" ಎಂದಿತು ಆನೆ.

ಜಕ್ಕಲೆ ಗೂಡು ಅಲುಗಾಡದಂತೆ ಕಡ್ಡಿಯಿಂದ ಮೆಲ್ಲಗೆ ತುರಿಸಿದಳು. ಆನೆ ಸುಖದಿಂದ ಕಣ್ಣು ಮುಚ್ಚಿ, ಅವಳನ್ನು ಬೆನ್ನಿಗೇರಿಸಿಕೊಂಡು ಹೊಳೆ ದಾಟಿಸಿತು.

ಆಚೆ ದಡದಲ್ಲಿ, ಯಾವ ಕಾಲದಲ್ಲೋ ಪಾಳುಬಿದ್ದ ಗುಡಿಯೊಂದಿತ್ತು. ಅದರ ಬಾಗಿಲಲ್ಲಿ ಸಿಂಹದ ಮುಖದ, ಆನೆಯ ಸೊಂಡಿಲಿನ ಯಾಳಿ ಕೂತಿತ್ತು. ಬಾಯಲ್ಲಿ ಒಂದು ಕಲ್ಲುಗುಂಡು. ಪಕ್ಕದಲ್ಲೇ ಕಂಬವಾಗಿ ನಿಂತ ಸೇನಾಪತಿ ಮತ್ತು ಗಾಯಕ. ಜಕ್ಕಲೆಗೆ ತೊಟ್ಟಿಲ ನೆನಪಾಗಿ ಒಳಗೆ ನುಗ್ಗುವ ಆತುರವಾಯಿತು. ಆದರೂ ಯಾಳಿ ಏನೋ ಗೊಣಗಿದ್ದು ಕೇಳಿ ನಿಂತಳು.

"ಏನಂದೆ, ಯಾಳಿಮಾವ?"

"ಬಂದವರೆಲ್ಲ ಬಾಯಿಗೆ ಕೈ ಹಾಕಿ ಈ ಗುಂಡು ಉರುಳಿಸಿ ನಗ್ತಾರೆ. ಕೆತ್ತಿದಾಗಿಂದ ಬಾಯಿ ಮುಚ್ಚಿಲ್ಲ, ತಾಯಿ. ಒಂದು ಗಳಿಗೆ ಹಿಡ್ಕೋತೀಯಾ?"

ಯಾಳಿ ಆಕಳಿಸಿತು. ಗುಂಡು ಅವಳ ಮಡಿಲಿಗೆ ಬಿತ್ತು. ಯಾಳಿ ಬಾಯಿ ಮುಚ್ಚಿ ಕೂಸಿನಂತೆ ಕಣ್ಣುಮುಚ್ಚಿತು. ತೋಳು ಬಿದ್ದುಹೋಗುವಷ್ಟು ನೊಂದರೂ ಜಕ್ಕಲೆ ಗುಂಡನ್ನು ಕೆಳಗಿಡಲಿಲ್ಲ. ಎದ್ದ ಯಾಳಿ ಬಾಗಿಲು ಬಿಟ್ಟಿತು.

ಒಳಗೆ, ಹಿಂದೆ ಅಭಿಷೇಕದ ನೀರು ಹರಿಯುತ್ತಿದ್ದ ತೂಬಿನಲ್ಲಿ ಮೊಸಳೆಮುಖದ ಮಕರ ಏನೋ ಗೊಣಗುತ್ತಿತ್ತು.

"ಏನಂದೆ, ಮಕರಜ್ಜಿ?"

"ಹುಟ್ಟಿದಾಗಿಂದ ಊರಿಗೆಲ್ಲ ತೀರ್ಥ ಸುರಿದೆ. ನನಗೊಂದು ಗುಟುಕು ಯಾರೂ ಕೊಡಲಿಲ್ಲ" ಎಂದಿತು ಮಕರ.

ಜಕ್ಕಲೆ ಬೊಗಸೆಯಲ್ಲಿ ನೀರು ತಂದು ಕುಡಿಸಿದಳು. ಕುಡಿದು ಮಕರ ದಾರಿ ಬಿಟ್ಟಿತು.

ಧೂಮಕ ಮಣ್ಣಿನ ಗಡಿಗೆಗಳ ನಡುವೆ ಕೂತಿದ್ದ. ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆಯೊಳಗೆ ಗಂಟೆಗಳು ಗುನುಗುತ್ತಿದ್ದವು, ಇನ್ನೊಂದರಲ್ಲಿ ಕಂಬಗಳು. ಚಿಕ್ಕದೊಂದು ಗಡಿಗೆಯಿಂದ ತಮ್ಮನ ಅಳು ಸಣ್ಣಗೆ ಕೇಳಿಸಿತು. ಜಕ್ಕಲೆಯ ಕಣ್ಣು ತುಂಬಿತು. ಕೈ ತಾನಾಗಿ ಆ ಕಡೆ ಹೋಯಿತು. ಆದರೆ ಮುದುಕನ ತುಟಿಯೂ ಏನೋ ಗೊಣಗುತ್ತಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಏನಂದಿರಿ, ಅಜ್ಜಾ?"

ಧೂಮಕ ಬೆಚ್ಚಿಬಿದ್ದ. ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. "ನಾನಿದ್ದೇನೆ ಅಂದೆ. ಆವತ್ತೂ ಮೂರು ಸಲ ಅಂದೆ. ನಿಮ್ಮೂರಿನ ಕಿವಿಗೆ ಬೀಳಲಿಲ್ಲ."

"ತಪ್ಪಾಯ್ತಜ್ಜ. ಈಗ ಬನ್ನಿ, ಎಲೆ ಹಾಕಿಸ್ತೀನಿ."

"ಕರೆಯೋ ಜಾಗ ಇದಲ್ಲ. ಇವತ್ತು ಸಂಜೆ ಮಹಾದ್ವಾರದಲ್ಲಿ ಕರೀರಿ. ನಾನು ಇಲ್ಲಿಂದಲೇ ಓಗೊಡ್ತೀನಿ, ಹಸಿದವನ ದನಿ ಎಷ್ಟಿರುತ್ತೋ ಅಷ್ಟರಲ್ಲೇ. ಕೇಳಿಸಿದರೆ ಎಲ್ಲ ವಾಪಸು. ಕೇಳಿಸದಿದ್ದರೆ ಊರಿನ ಮಾತೂ ನನ್ನದು, ಈ ಅಳೂ ನನ್ನದೇ."

ಜಕ್ಕಲೆ ತಂದ ಸುದ್ದಿ ಕೇಳಿ, ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಮಹಾದ್ವಾರದ ಮುಂದೆ ಸೇರಿತು. ಸುಮ್ಮನೆ ಸೇರಿತೇ? ಒಬ್ಬ ಹಾಗೆ ಕರೆಯಬೇಕೆಂದ, ಒಬ್ಬ ಹೀಗೆಂದ. ರಾಜ ಎದ್ದು ನಿಂತು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ.

ಆಗ ಕಲ್ಲಾನೆ ನಡೆದು ಬಂದು, ರಾಜನ ಬಾಯಿಯ ಮೇಲೆ ಸೊಂಡಿಲಿಟ್ಟಿತು. ಜನ ಕಕ್ಕಾಬಿಕ್ಕಿಯಾಗಿ ಸುಮ್ಮನಾದರು. ಯಾಳಿ ಬೀಸುವ ಗಾಳಿಯನ್ನು ಬಾಯೊಳಗೆ ಎಳೆದುಕೊಂಡಿತು. ಮಕರ ಹೊಳೆಯನ್ನು ಒಂದೇ ಗುಟುಕಿಗೆ ತುಂಬಿಕೊಂಡು ಹಿಡಿದಿಟ್ಟಿತು.

ಬಾಚಯ್ಯ ರಾಗವಿಲ್ಲದೆ, ಮನೆಯ ಜಗುಲಿಯಲ್ಲಿ ನಿಂತು ಕರೆಯುವವನಂತೆ ಕರೆದ. "ಹಸಿದವರು ಯಾರಾದರೂ ಇದ್ದೀರಾ? ಬನ್ನಿ, ಎಲೆ ಹಾಕಿದೆ."

ಏನೂ ಕೇಳಿಸಲಿಲ್ಲ. ಎರಡನೆಯ ಸಲ ಕರೆದ. ಎಲ್ಲೋ ಯಾರೋ ಕೆಮ್ಮಿದರು. ಮೂರನೆಯ ಸಲ ಕರೆದು ಕಾದ. ಊರೆಲ್ಲ ಉಸಿರು ಬಿಗಿಹಿಡಿಯಿತು. ಗೋಪುರದ ಪಾರಿವಾಳಗಳೂ ರೆಕ್ಕೆ ಮುದುರಿದವು. ಜಕ್ಕಲೆ ಕಣ್ಣುಮುಚ್ಚಿ ಕೇಳಿದಳು. ಹೊಳೆಯ ಬರಿದಾದ ಮರಳಿನ ಮೇಲೆ ಹಾದು, ದೀಪಗಳ ನಡುವೆ ಹಾದು, ಒಣಗಿದ ಸಣ್ಣ ದನಿಯೊಂದು ಬಂತು.

"ಓ... ನಾನಿದ್ದೇನೆ."

"ಬಂದೆ ಅಜ್ಜಾ!" ಎಂದು ಜಕ್ಕಲೆ ಓಡಿದಳು. ಮುದುಕನನ್ನು ಕೈಹಿಡಿದು ಕರೆತಂದು ಎಲೆಯ ಮುಂದೆ ಕೂರಿಸಿದಳು. ಬಿಸಿ ಅನ್ನ, ಸಾರು, ಮೇಲೆ ತುಪ್ಪ. ಮೊದಲ ತುತ್ತಿಗೆ ಊರಿನ ಗಂಟೆಗಳೆಲ್ಲ ಒಮ್ಮೆಲೇ ಮೊಳಗಿದವು. ಎರಡನೆಯ ತುತ್ತಿಗೆ ಕಂಬಗಳು ಹಾಡಿದವು, ಸೇನಾಪತಿಯೂ ಗಾಯಕನೂ ಕಲ್ಲು ಕೊಡವಿಕೊಂಡು ಎದ್ದರು. ಮೂರನೆಯ ತುತ್ತು ಬಾಯಿಗೆ ಹೋಗಲಿಲ್ಲ. ಧೂಮಕ ಅಳುತ್ತಿದ್ದ.

"ಇನ್ನೊಂದು ಸ್ವಲ್ಪ ಬಡಿಸಲಾ ಅಜ್ಜ?" ಎಂದಳು ಜಕ್ಕಲೆ.

"ಬೇಡಮ್ಮ. ಬಾಗಿಲಲ್ಲಿ ಮತ್ತೊಮ್ಮೆ ಕರೀರಿ. ಹಸಿದವರು ಇನ್ನೂ ಇದ್ದಾರೆ" ಎಂದು ಅವನು ಆ ತುತ್ತನ್ನು ನುಂಗಿದ.

ಬಾಚಯ್ಯ ಮತ್ತೊಮ್ಮೆ ಕರೆದ. ಊರು ಮತ್ತೊಮ್ಮೆ ಸುಮ್ಮನಾಯಿತು. ಆಗ ಬಾಚಯ್ಯನ ಮನೆಯ ಕಡೆಯಿಂದ, ತೊಟ್ಟಿಲೊಳಗಿಂದ, ಕೂಸೊಂದು ಊರು ಒಂದಾಗುವಂತೆ ಅತ್ತಿತು. ಗುಂಪಿನಲ್ಲಿ ನಿಂತಿದ್ದ ಬಾಚಯ್ಯನ ಹೆಂಡತಿ ಸೆರಗು ಎತ್ತಿಕಟ್ಟಿ ಮನೆಯ ಕಡೆ ಓಡಿದಳು. ಅವಳ ಹಿಂದೆ ಊರಿನ ತಾಯಂದಿರೆಲ್ಲ ತಮ್ಮ ತಮ್ಮ ಮನೆಗೆ ಓಡಿದರು.

ಧೂಮಕ ನಾದಾವತಿಯಲ್ಲೇ ಉಳಿದ. ಸೌದೆ ಒಡೆದುಕೊಟ್ಟು, ಪಂಕ್ತಿಯಲ್ಲಿ ನೀರು ಬಡಿಸಿಕೊಂಡು ಸುಖವಾಗಿದ್ದ. ನಗಾರಿ, ಕಹಳೆಗಳು ಬೇರೆ ಹೊತ್ತಿಗೆ ಬೇಕಾದಷ್ಟು ಮೊಳಗಿದವು. ಕರೆಯುವ ಹೊತ್ತಿಗೆ ಮಾತ್ರ ಪೂಜಾರಿಗಳು ಗಂಟೆಯ ನಾಲಿಗೆಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ರಾಜನೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ, ಆನೆಯ ಕಡೆ ಒಂದು ಕಣ್ಣಿಟ್ಟು. ಗರ್ಭಗುಡಿಯೊಳಗೆ ದೇವರೂ ಕಿವಿಗೊಟ್ಟು ಕಾಯುತ್ತಿದ್ದ, ಎಲ್ಲರದೂ ಊಟವಾಗಲಿ ಎಂದು.