ಬಿಗಿ ಅನಿಸಿದರೆ ಬನ್ನಿ

ಕಾಲು ನೋಡಬೇಕಾದ ಕೆಲಸದವಳು ಮುಖ ನೋಡುತ್ತ ಕೂತರೆ ಆಗುವುದೇ ಹೀಗೆ.

ದೊಡ್ಡಮ್ಮನ ಶೂ ಅಂಗಡಿಯಲ್ಲಿ ಅವಳು ಅಳತೆಪಟ್ಟಿ ಹಿಡಿದು ಪುಟ್ಟ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿನ ಕುರ್ಚಿಯಲ್ಲಿ ಅವನು. ಮ್ಯೂಸಿಯಂನಲ್ಲಿ ಗೈಡ್ ಅಂತೆ. ಬೆಳಿಗ್ಗೆ ಬಾಗಿಲು ತೆಗೆಯುವುದನ್ನೇ ಕಾದು ಒಳಗೆ ಬಂದಿದ್ದ.

"ಇಡೀ ದಿನ ಕಲ್ಲು ನೆಲದ ಮೇಲೆ ಓಡಾಡ್ಬೇಕು. ಹಾಗಂತ ಸೂಟಿಗೆ ಒಪ್ಪದೇ ಇದ್ರೂ ಆಗಲ್ಲ. ಮೆತ್ತಗೂ ಇರ್ಬೇಕು, ಗಟ್ಟಿಯಾಗೂ ಇರ್ಬೇಕು, ನೋಡೋಕೂ ಚೆನ್ನಾಗಿರ್ಬೇಕು. ಸಿಗುತ್ತಾ?"

"ಶೂ ಕೇಳ್ತಿದ್ದೀರೋ, ಹೆಣ್ಣು ಕೇಳ್ತಿದ್ದೀರೋ?" ಗಲ್ಲಾದಿಂದ ದೊಡ್ಡಮ್ಮ ಕೇಳಿಯೇಬಿಟ್ಟರು.

ಅವನ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿದಳು. ಇಬ್ಬರೂ ನಗು ತಡೆಯಲು ನೋಡಿ, ತಡೆಯಲಾರದೆ ಒಟ್ಟಿಗೇ ತಲೆ ಎತ್ತಿದಾಗ ಕಣ್ಣಿಗೆ ಕಣ್ಣು ಸಿಕ್ಕಿಬಿತ್ತು.

ಆಮೇಲೆ ಅವಳು ಬೇಡದ ನಾಲ್ಕು ಜೋಡಿ ಹಾಕಿಸಿ ತೆಗೆಸಿದಳು. ಅವನು ಬೇಡದ ನೂರು ಮಾತಾಡಿದ. ಮ್ಯೂಸಿಯಂನಲ್ಲಿ ಒಂದು ಒಡೆದ ಮಣ್ಣಿನ ಗಡಿಗೆ ಇದೆಯಂತೆ, ಅದರ ಕಥೆ ಎಂದರೆ ಅವನಿಗೆ ಪ್ರಾಣ.

"ಯಾರೂ ಪೂರ್ತಿ ಕೇಳಿಸ್ಕೊಳ್ಳಲ್ಲ. ಫೋಟೋ ತೆಗೆದು ಮುಂದೆ ಹೋಗ್ತಾರೆ."

"ನನಗೆ ಹೇಳಿ."

"ಅರ್ಧ ಹೇಳ್ತೀನಿ. ಉಳಿದದ್ದು ಅಲ್ಲೇ ಬಂದು ಕೇಳಿ."

ಅವನ ಕಾಲಿಗೆ ಯಾವ ಶೂ ಸರಿ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಮುಂಭಾಗ ಅಗಲವಿರುವ, ಹೊಲಿದ ಅಟ್ಟೆಯ ಕಂದು ಬಣ್ಣದ ಜೋಡಿ. ಒಳಕೋಣೆಗೆ ಹೋಗಿ ಡಬ್ಬ ಕೈಗೆ ತೆಗೆದುಕೊಂಡಳು. ಆಗ ಹೊಳೆಯಿತು. ಇದು ವರ್ಷಗಟ್ಟಲೆ ಬಾಳುವ ಶೂ. ಇದನ್ನು ಕೊಟ್ಟರೆ ಈ ಮನುಷ್ಯ ವರ್ಷಗಟ್ಟಲೆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ.

ಅವಳು ಆ ಡಬ್ಬವನ್ನು ಅಟ್ಟದ ಮೂಲೆಗೆ ತಳ್ಳಿದಳು. ಅದೇ ಶೂ, ಅರ್ಧ ಸೈಜ್ ಚಿಕ್ಕದು, ತಂದು ತೊಡಿಸಿದಳು. ಬೆಳಗಿನ ಹೊತ್ತು ಕಾಲು ಊದಿರುವುದಿಲ್ಲ, ಹೇಗೋ ಹಿಡಿಯಿತು.

"ಸ್ವಲ್ಪ ಬಿಗಿ ಅಲ್ವಾ?"

"ಹೊಸದಲ್ವಾ, ಬಿಡುತ್ತೆ. ಬಿಗಿ ಅನಿಸಿದ್ರೆ ಬನ್ನಿ, ಬದಲಾಯಿಸಿ ಕೊಡ್ತೀನಿ." ಸಂಜೆಯೊಳಗೆ ಬಂದೇ ಬರುತ್ತಾನೆ ಎಂದು ಲೆಕ್ಕ ಹಾಕಿದ್ದಳು.

ಅವನು ಬರಲಿಲ್ಲ. ಮರುದಿನವೂ ಇಲ್ಲ. ಅವಳು ಒಳ್ಳೆಯ ಓಲೆ ಹಾಕಿಕೊಂಡು ಬಾಗಿಲು ನೋಡಿದಳು, ಓಲೆ ತೆಗೆದಿಟ್ಟು ಬಾಗಿಲು ನೋಡಿದಳು. ಮೊದಲು ಆಸೆ ಇತ್ತು, ಆಮೇಲೆ ಬೇಜಾರು. ಕೊನೆಗೆ ಹೆದರಿಕೆ ಶುರುವಾಯಿತು. ಅಯ್ಯೋ, ಆ ಶೂ ಹಾಕಿಕೊಂಡೇ ನಡೆಯುತ್ತಿದ್ದಾನೆಯೇ? ಕಲ್ಲು ನೆಲದ ಮೇಲೆ?

"ಈ ಡಬ್ಬ ಯಾಕೆ ಅಟ್ಟದ ಮೇಲೆ ಸಂಸಾರ ಹೂಡಿದೆ?" ದೊಡ್ಡಮ್ಮ ಕೇಳಿದಾಗ ಅವಳು ಡಬ್ಬ ಕೆಳಗಿಳಿಸಿ ಚೀಲಕ್ಕೆ ಹಾಕಿಕೊಂಡಳು.

ಅಂಗಡಿಯ ರಜಾ ದಿನ ಮ್ಯೂಸಿಯಂಗೆ ಹೋದರೆ ಅವನು ಟಿಕೆಟ್ ಕೌಂಟರಿನಲ್ಲಿ ಕೂತಿದ್ದ. ಮೇಲೆ ಅದೇ ಸೂಟು, ಕೆಳಗೆ ರಬ್ಬರ್ ಚಪ್ಪಲಿ. ಎರಡೂ ಹೆಬ್ಬೆರಳಿಗೆ ಬ್ಯಾಂಡೇಜು.

"ಅರೆ, ನೀವು!" ಅವನ ಮುಖ ಅರಳಿತು. ತಕ್ಷಣ ಕಾಲನ್ನು ಕುರ್ಚಿಯಡಿ ಎಳೆದುಕೊಂಡ. "ಉಗುರು ಕಪ್ಪಾಗಿ ಕೀವಾಯ್ತು. ವಾಸಿ ಆಗೋವರೆಗೂ ಕೂತ್ಕೋ ಅಂತ ಇಲ್ಲಿಗೆ ಹಾಕಿದ್ದಾರೆ. ಗಡಿಗೆ ಈಗ ಬೇರೆಯವರು ತೋರಿಸ್ತಾರೆ. ಎರಡೇ ಮಾತಲ್ಲಿ ಮುಗಿಸಿಬಿಡ್ತಾರೆ."

"ವಾಪಸ್ ಯಾಕೆ ತರ್ಲಿಲ್ಲ?"

"ಅಷ್ಟು ಅಕ್ಕರೆಯಿಂದ ಆರಿಸಿಕೊಟ್ರಿ. ತಂದ್ರೆ ನಿಮಗೆ ಬೇಜಾರಾಗುತ್ತೆ ಅಂತ... ಶೂದು ತಪ್ಪಿಲ್ಲ ಬಿಡಿ. ನನ್ನ ಕಾಲೇ ಸರಿಯಿಲ್ಲ."

ಏನೂ ಹೇಳದೆ ಅವಳು ಡಬ್ಬ ಬದಲಾಯಿಸಿಕೊಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವನು ಥ್ಯಾಂಕ್ಸ್ ಬೇರೆ ಹೇಳಿರುತ್ತಿದ್ದ. ಆದರೆ ಆ ಮನುಷ್ಯ ತನ್ನ ಕಾಲನ್ನೇ ಬೈದುಕೊಂಡು ಕೂತಿದ್ದಾನಲ್ಲ, ಅದನ್ನು ನೋಡಿಕೊಂಡು ಹೇಗೆ ಸುಮ್ಮನಿರುವುದು?

"ನಿಮ್ಮ ಕಾಲು ಸರಿಯಾಗೇ ಇದೆ. ನಾನೇ ಬೇಕಂತ ಅರ್ಧ ಸೈಜ್ ಚಿಕ್ಕದು ಕೊಟ್ಟೆ."

"ಬೇಕಂತಾ? ಯಾಕೆ?"

"ನೀವು ಮತ್ತೆ ಬರ್ಲಿ ಅಂತ."

ಯಾರೋ ಎರಡು ಟಿಕೆಟ್ ಕೇಳಿದರು. ಅವನು ಹರಿದು ಕೊಟ್ಟ. ಅವರು ಹೋದ ಮೇಲೂ ಟಿಕೆಟ್ ಪುಸ್ತಕವನ್ನೇ ನೋಡುತ್ತಿದ್ದ.

"ಬಾಯಿಬಿಟ್ಟು ಮತ್ತೆ ಬನ್ನಿ ಅಂದಿದ್ರೆ ಬರ್ತಿದ್ನಲ್ಲ," ಎಂದ. ದನಿಯಲ್ಲಿ ನಗುವಿರಲಿಲ್ಲ. "ದಿನಾ ನೋವು ತಿಂದ್ಕೊಂಡು, ಪಾಪ ಅವರೇನ್ಮಾಡ್ತಾರೆ ಅಂತ ನಿಮ್ಮ ಪರವಾಗೇ ಮಾತಾಡ್ಕೋತಿದ್ದೆ."

ಅವಳು ಡಬ್ಬವನ್ನು ಕೌಂಟರಿನ ಮೇಲಿಟ್ಟಳು. "ತಪ್ಪಾಯ್ತು. ಬೆರಳು ವಾಸಿಯಾದ ಮೇಲೆ, ಸಂಜೆ ಹೊತ್ತು ಹಾಕಿ ನೋಡಿ. ಇದು ಒತ್ತಲ್ಲ. ಬೇಗ ಸವೆಯೋದೂ ಇಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಅತ್ತಳು. ಅವನು ಮತ್ತೆ ಬರಲು ಇದ್ದ ಒಂದೇ ಒಂದು ನೆಪವನ್ನೂ ತಾನೇ ಡಬ್ಬಕ್ಕೆ ಹಾಕಿ ಕೊಟ್ಟು ಬಂದಿದ್ದಳು. ಅದು ಸಿಗಬೇಕಾದ ಶಿಕ್ಷೆಯೇ ಎಂದೂ ಅನಿಸಿತು.

ದೊಡ್ಡಮ್ಮನಿಗೆ ಎಲ್ಲ ಹೇಳಿದಳು. ಅವರು ಹಣೆ ಚಚ್ಚಿಕೊಂಡರು. "ನಿನ್ನ ಕಾಲ ಮೇಲೆ ನೀನು ಕಲ್ಲು ಹಾಕ್ಕೊಂಡಿದ್ರೆ ಹೋಗ್ಲಿ ಅನ್ಬಹುದಿತ್ತು. ಅವನ ಕಾಲ ಮೇಲೆ ಹಾಕಿದ್ಯಲ್ಲೇ!"

ಅಂದಿನಿಂದ ಅವಳು ಪ್ರತಿ ಗಿರಾಕಿಯ ಎರಡೂ ಪಾದ ಅಳೆದಳು, ನಿಲ್ಲಿಸಿ ಅಳೆದಳು, ನಡೆಸಿ ನೋಡಿದಳು. ಸಾಕು ಬಿಡಮ್ಮ ಎಂದು ಅವರೇ ಬೇಡಿಕೊಳ್ಳುವಷ್ಟು. ಬಾಗಿಲು ನೋಡುವುದನ್ನು ಮಾತ್ರ ಬಿಟ್ಟಳು.

ಹಾಗಾಗಿ ಒಂದು ಸಂಜೆ ಕುರ್ಚಿಯಲ್ಲಿ ಯಾರೋ ಬಂದು ಕೂತಾಗ ಅವಳಿಗೆ ಮೊದಲು ಕಂಡದ್ದು ಕಾಲು. ಕಂದು ಶೂ, ಮುಂಭಾಗ ಅಗಲ. ಮಡಿಕೆ ಬಿದ್ದು ಪಾದಕ್ಕೆ ಒಗ್ಗಿಕೊಂಡಿತ್ತು. ತಲೆ ಎತ್ತುವ ಧೈರ್ಯವಾಗಲಿಲ್ಲ. ಹೆಬ್ಬೆರಳಿನಿಂದ ಶೂ ತುದಿ ಒತ್ತಿ ನೋಡಿದಳು.

"ಒತ್ತುತ್ತಾ?"

"ಇಲ್ಲ."

"ಹಿಮ್ಮಡಿ ಹತ್ರ?"

"ಇಲ್ಲ."

"ಹೊಲಿಗೆ ಏನಾದ್ರೂ ಬಿಟ್ಟಿದೆಯಾ?"

"ಏನೂ ಆಗಿಲ್ಲ. ಬೆಳಿಗ್ಗೆಯಿಂದ ನಡೆದಿದ್ದೀನಿ. ಗಡಿಗೆ ನನಗೇ ವಾಪಸ್ ಸಿಕ್ತು."

"ಮತ್ತೆ ಯಾಕೆ ಬಂದ್ರಿ?"

ಅವನು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. "ಕೋಪ ಇನ್ನೂ ಪೂರ್ತಿ ಹೋಗಿಲ್ಲ."

"ಗೊತ್ತು."

"ಆದ್ರೂ ಒತ್ತಲ್ಲ ಅಂತ ಹೇಳೋಣ ಅನಿಸ್ತು. ಅದಕ್ಕೇ ಬಂದೆ."

ಅವಳು ತಲೆ ಎತ್ತಿದಳು. ಕಣ್ಣು ತುಂಬಿ ಅವನ ಮುಖ ಸರಿಯಾಗಿ ಕಾಣಲಿಲ್ಲ, ಕಿವಿ ಕೆಂಪಾದದ್ದು ಮಾತ್ರ ಕಂಡಿತು.

"ನಾಳೆನೂ ಬರ್ತೀನಿ," ಎಂದ ಅವನು. "ಇದನ್ನೇ ಹೇಳೋಕೆ."