ಚೆಲುವರಾಜನ ಕೈಪಟ್ಟಿ

ನನ್ನ ಮಗ ಚೆಲುವರಾಜ ಹೆವಿವೇಟ್ ಬಾಕ್ಸರ್ ಆಗಿದ್ದ. ಕಾಲೇಜಿನಲ್ಲಿದ್ದಾಗ ರಾಜ್ಯಮಟ್ಟದಲ್ಲಿ ಚಿನ್ನದ ಪದಕ ಗೆದ್ದ. ಆಮೇಲೆ ದುಡ್ಡಿಗಾಗಿ ಆಡುವ ವೃತ್ತಿಪಂದ್ಯಗಳಿಗೆ ಇಳಿದ. ಹೋದ ವರ್ಷ ಐದನೆಯ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ.

ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿಯ ಜೊತೆಗೆ ಅವನು ಉಟ್ಟು ತೊಟ್ಟ ಬಟ್ಟೆಗಳನ್ನೂ ಬಿಟ್ಟೆವು. ಗವಸಿನೊಳಗೆ ಕೈಗೆ ಸುತ್ತಿಕೊಳ್ಳುತ್ತಿದ್ದ ಪಟ್ಟಿಯೊಂದನ್ನು ಮಾತ್ರ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮೂರು ಕ್ಯಾತನಹಳ್ಳಿಗೆ ತಂದೆ. ತರಬಾರದೆಂದು ಗೊತ್ತಿತ್ತು, ಮನಸ್ಸು ಕೇಳಲಿಲ್ಲ.

ಒಗೆದು ಹಿತ್ತಿಲಲ್ಲಿ ಹರವಿದೆ. ಸುಡುವ ಬಿಸಿಲಿದ್ದರೂ ಮೂರು ದಿನ ಒಣಗಲಿಲ್ಲ. ಮುಟ್ಟಿದರೆ ಅಂಟಂಟು. ಬೆವರು, ರಕ್ತ, ಮುಲಾಮು ಬೆರೆತ ನಾತಕ್ಕೆ ವಾಂತಿಯಾಯಿತು. ಹೆತ್ತ ಮಗನಿಗೆ ಓಕರಿಸಿದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ನನ್ನ ಹೆಂಡತಿ ಸಾಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಹೊಳೆಗ್ ಬುಡೋದ್ನ ಯಾರಾರ ಮನೆಗ್ ತತ್ತಾರಾ? ಇದೆಂತ ಕೆಲ್ಸ ಮಾಡ್ಬುಟ್ರಿ! ಬದುಕಿದ್ದಾಗಂತೂ ಅವ್ನಿಗ್ ನೆಮ್ಮದಿ ಇಲ್ಲ. ಈಗ್ಲಾರ ಓಗಾಕ್ ಬುಡ್ರಿ ಮಗೀನ."

ಮಾರನೆಯ ದಿನ ಮಟಮಟ ಮಧ್ಯಾಹ್ನ ಇಬ್ಬರೂ ಹೋಗಿ, ಪಟ್ಟಿಗೆ ಕಲ್ಲು ಕಟ್ಟಿ ಕಾವೇರಿಗೆ ಬಿಟ್ಟೆವು. ಅದು ಮುಳುಗಿದ್ದನ್ನು ಇಬ್ಬರೂ ಕಣ್ಣಾರೆ ನೋಡಿದೆವು.

ಅಂದಿನಿಂದ ದಿನಾ ಬೆಳಗ್ಗೆ ಏಳುವಾಗ ನನ್ನ ಬಲಗೈಯಲ್ಲಿ, ಬಿಗಿದು ಕಟ್ಟಿದ್ದನ್ನು ಆಗತಾನೇ ಬಿಚ್ಚಿದಂತೆ ಕೆಂಪಗೆ ಬಟ್ಟೆಯ ಅಚ್ಚು ಇರುತ್ತದೆ. ಆ ಕೈಯಿಂದ ದೇವರ ದೀಪ ಹಚ್ಚಲು ಹೇಸುತ್ತೇನೆ. ಆ ಅಚ್ಚು ಹೆಬ್ಬೆರಳಿಗೆ ಒಂದು ಸುತ್ತು, ಮಣಿಕಟ್ಟಿಗೆ ಮೂರು, ಬೆರಳ ಸಂದಿಗಳಲ್ಲಿ ಒಂದೊಂದು. ಅವನು ಹಾಗೆಯೇ ಸುತ್ತುತ್ತಿದ್ದನೆಂದು ಅವನ ಕೋಚ್ ನೋಡಿ ಹೇಳಿದರು. ನನಗೆ ಈಗಲೂ ಸುತ್ತಲು ಬರುವುದಿಲ್ಲ.